ಗಂಡಸಿನ ಕೈ

ದಂತವೈದ್ಯ ಕಾಲೇಜಿನ ಕೊನೆಯ ಪ್ರಾಯೋಗಿಕ ಪರೀಕ್ಷೆಯ ಪಟ್ಟಿ ನೋಡಿ ಅವನ ಜೀವ ಬಾಯಿಗೆ ಬಂತು. ಅವನಿಗೆ ಬಿದ್ದಿದ್ದು ಹಲ್ಲು ಕೀಳುವ ವಿಭಾಗ. ಗೆಳೆಯರು ಬೆನ್ನು ತಟ್ಟಿದ್ದೇ ತಟ್ಟಿದ್ದು. ರಕ್ತ ಕಂಡರೆ ಅವನಿಗೆ ಕಣ್ಣು ಕತ್ತಲೆ ಬರುತ್ತದೆಂದು ಅವರಿಗೇನು ಗೊತ್ತು? ಅವನಿಗೆ ಬೇಕಿದ್ದುದು ಮಕ್ಕಳ ವಿಭಾಗ. ಆದರೆ ಮೇಷ್ಟ್ರದು ಒಂದೇ ಹಟ: ಕೀಳುವುದು ಗಂಡುಹುಡುಗರಿಗೆ, ಮಕ್ಕಳನ್ನು ರಮಿಸುವುದು ಹೆಣ್ಣುಮಕ್ಕಳಿಗೆ. ಫೇಲಾದರೆ ಒಂದು ವರ್ಷ ಮಣ್ಣುಪಾಲು.

ಅತ್ತ ಮಕ್ಕಳ ವಿಭಾಗದ ಬಾಗಿಲಲ್ಲಿ ಅವನ ಸಹಪಾಠಿಯೊಬ್ಬಳು ಕೆಂಡವಾಗಿ ನಿಂತಿದ್ದಳು. ಇಕ್ಕಳ ಹಿಡಿಯಬೇಕೆಂದೇ ಈ ಓದಿಗೆ ಬಂದವಳು. ಮಕ್ಕಳು ಅತ್ತರೆ ಅವಳ ಕೈಕಾಲೇ ಆಡುತ್ತಿರಲಿಲ್ಲ.

"ಅದಲು ಬದಲು ಮಾಡ್ಕೊಳ್ಳೋಣ ಕಣೋ," ಎಂದಳು. "ಮೇಷ್ಟ್ರು ರೂಮು ಬಿಟ್ಟು ಅಲ್ಲಾಡಲ್ಲ. ಕಿತ್ತ ಹಲ್ಲು ತಟ್ಟೇಲಿ ಹೋಗುತ್ತೆ, ಚೀಟೀಲಿರೋ ಹೆಸರಿಗೆ ಮಾರ್ಕ್ಸ್ ಬೀಳುತ್ತೆ. ನಿನ್ನ ಹೆಸರು ನಾನು ಬರೀತೀನಿ, ನನ್ನ ಹೆಸರು ನೀನು ಬರಿ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಅವನು ಮಕ್ಕಳ ವಿಭಾಗದೊಳಕ್ಕೆ ಓಡಿದ.

ತಟ್ಟೆ ಹೊರುವ ಆಯಾಗೆ ಊರ ಉಸಾಬರಿಯೆಲ್ಲ ಬೇಕು. ಅವನು ಕೈಗವಸು ಊದಿ ಕೋಳಿ ಮಾಡಿ ಮಗುವೊಂದನ್ನು ನಗಿಸುತ್ತಿದ್ದುದನ್ನು ಕಂಡು, ಗಂಡಸಾಗಿ ಇದೇನಪ್ಪಾ ಅವತಾರ ಎಂದು ಕೆನ್ನೆಗೆ ಕೈಯಿಟ್ಟಳು. ಅವಳ ಬಾಯಿ ಮುಚ್ಚಿಸಲು ಅವಳ ಸೊಸೆಯ ಮೇಲಿನ ದೂರುಗಳನ್ನೆಲ್ಲ ಅವನು ಎರಡು ಗಂಟೆ ಕೇಳಬೇಕಾಯಿತು. ಅಷ್ಟರಲ್ಲಿ ನಾಲ್ಕು ಮಕ್ಕಳ ಹುಳುಕು ತುಂಬಿಯೂ ಆಗಿತ್ತು, ಒಂದೂ ಅತ್ತಿರಲಿಲ್ಲ.

ಮಧ್ಯಾಹ್ನ ಮೇಷ್ಟ್ರು ರೂಮಿನಿಂದ ಹೊರಗೆ ಬಂದರು. ಎಲ್ಲರೂ ದಂಗಾದರು. ಅವರು ಅವನ ಹೆಸರು ಹಿಡಿದು ಕೂಗಿದಾಗಲಂತೂ ಕಥೆ ಮುಗಿಯಿತು ಎಂದುಕೊಂಡ.

ಮೇಷ್ಟ್ರು ತಟ್ಟೆ ಎತ್ತಿ ಹಿಡಿದರು. ಮೂರು ದವಡೆ ಹಲ್ಲು, ಒಂದರ ಬೇರೂ ಮುರಿದಿಲ್ಲ. "ಇಪ್ಪತ್ತು ವರ್ಷದಲ್ಲಿ ಇಂಥ ಕೆಲಸ ನೋಡಿಲ್ಲ. ಗಂಡಸಿನ ಕೈ ಅಂದ್ರೆ ಇದು. ಇದನ್ನೇ ನಾನು ಬಡ್ಕೊಳ್ಳೋದು," ಎಂದರು. ಆಮೇಲೆ ಆ ಸಹಪಾಠಿಯ ಕಡೆ ತಿರುಗಿ, ಮಕ್ಕಳು ನಗುತ್ತಾ ಹೋದವಂತೆ, ಹೆಂಗರುಳು ಎಂದರೆ ಹೀಗಿರಬೇಕು ಎಂದು ಹೊಗಳಿದರು. ಅವಳ ಮುಖ ಕೋಪಕ್ಕೆ ಕೆಂಪಾಯಿತು. ಮೇಷ್ಟ್ರು ಅದನ್ನು ನಾಚಿಕೆ ಎಂದು ತಿಳಿದರು.

ನಿಜ ಹೇಳಿದರೆ ಇಬ್ಬರೂ ಕಾಲೇಜಿನಿಂದಲೇ ಹೊರಕ್ಕೆ. ಹೋಗಲಿ, ಪಾಸಾದೆನಲ್ಲ ಎಂದು ಅವನು ಉಸಿರು ಬಿಟ್ಟ.

ಅಷ್ಟರಲ್ಲಿ ಮೇಷ್ಟ್ರು ಹೋಗಿ ರೋಗಿಯ ಕುರ್ಚಿಯಲ್ಲಿ ಒರಗಿದರು.

"ಆರು ತಿಂಗಳಿಂದ ಈ ಹಲ್ಲು ಪ್ರಾಣ ಹಿಂಡ್ತಿದೆ ಕಣಯ್ಯ. ನಂಬಿ ಬಾಯಿ ಕೊಡೋಕೆ ಒಂದು ಕೈ ಸಿಕ್ಕಿರಲಿಲ್ಲ. ಬಾ, ಇವರೆಲ್ಲ ನೋಡಿ ಕಲೀಲಿ."

ಇಡೀ ತರಗತಿ ಸುತ್ತ ನೆರೆಯಿತು. ಮೇಷ್ಟ್ರು ಕಣ್ಣು ಮುಚ್ಚಿ ಬಾಯಿ ಅಗಲಿಸಿದರು. ಆಯಾ ಸೂಜಿ, ಇಕ್ಕಳ ತಂದು ಅವನ ಕೈಗೆ ಕೊಟ್ಟಳು.