ಒಗ್ಗದ ಔಷಧಿ, ಒಪ್ಪದ ರೋಗಿ

ಹೃದಯದ ಆಪರೇಷನ್‌ಗೆ ಮುಂಚೆ, ಯಾವುದು ಮೈಗೆ ಒಗ್ಗುವುದಿಲ್ಲ ಎಂದು ರೋಗಿಯನ್ನು ಕೇಳಿ ಬರೆದುಕೊಳ್ಳುವುದು ನರ್ಸಾದ ನನ್ನ ಕೆಲಸ. ನಾನು ಸಕಲೇಶಪುರದ ಕಡೆಯ ಮಗ್ಗೆಯವಳು, ನಮ್ಮ ಕಡೆಯವರು ಬಂದರೆ ಖುಷಿಯಾಗುತ್ತದೆ. ನೇರ ಉತ್ತರ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

೧

ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಪಟ್ಟಿಯನ್ನೇ ಬರೆದು ತಂದಿದ್ದರು. ಬದನೆಕಾಯಿ, ಹಲಸಿನ ಹಣ್ಣು, ಷಡ್ಡಕನ ಮನೆ ಊಟ. ಔಷಧಿಗಳ ಹೆಸರು ಎಲ್ಲಿ ಎಂದೆ.

"ಔಷಧಿ ಒಗ್ಗಲ್ಲ ಅಂತ ಗೊತ್ತಾಗೋಕೆ ಅದನ್ನ ನುಂಗ್ಬೇಕಲ್ಲ ಸಿಸ್ಟರ್? ಡಾಕ್ಟ್ರು ಕೊಟ್ಟಿದ್ದೆಲ್ಲ ಮನೇಲಿ ಹಂಗೇ ಐತೆ."

೨

ಸಕಲೇಶಪುರದ ಲಾರಿ ಮಾಲೀಕರೊಬ್ಬರಿಗೆ, ಇಂಜೆಕ್ಷನ್ ಒಗ್ಗುತ್ತದೋ ಇಲ್ಲವೋ ನೋಡಲು ಕೈಗೆ ಚಿಕ್ಕ ಸೂಜಿ ಚುಚ್ಚಬೇಕಿತ್ತು. ಮನುಷ್ಯ ಬೆವತುಹೋದರು. ಪಕ್ಕದಲ್ಲಿದ್ದ ಅಣ್ಣನ ಕೈ ಹಿಡಿದು ಮುಂದೆ ಚಾಚಿ, ಇಬ್ಬರದೂ ಒಂದೇ ರಕ್ತ, ಅವನಿಗೇ ಚುಚ್ಚಿ ನೋಡಿ ಎಂದರು.

ಅಣ್ಣ ಮೆಲ್ಲಗೆ ಕೈ ಬಿಡಿಸಿಕೊಂಡ. "ನಾಳೆ ಎದೆ ಕೊಯ್ಯೋದೂ ನಂದೇನಾ ಮಾರಾಯ?"

೩

ಯಸಳೂರಿನ ಕಾಫಿ ಬೆಳೆಗಾರರೊಬ್ಬರದು ಮೀನು ಮಾಂಸ ಮುಟ್ಟದ ಮನೆ. ಆಪರೇಷನ್‌ಗೆಂದು ತೆಳುವಾಗಿಸಿದ ರಕ್ತ ಕೊನೆಯಲ್ಲಿ ಮತ್ತೆ ಹೆಪ್ಪುಗಟ್ಟಲು ಕೊಡುವ ಔಷಧಿ ಮೀನಿನಿಂದ ಬಂದದ್ದು. ಮೀನು ಒಗ್ಗದ ಕೆಲವರಿಗೆ ಅದರಿಂದ ಬಿ.ಪಿ. ಕುಸಿದು ಜೀವಕ್ಕೇ ಕುತ್ತು ಬರಬಹುದು. ಅಷ್ಟನ್ನೂ ಬಿಡಿಸಿ ಹೇಳಿ, ಮೀನು ತಿಂದಿದ್ದೀರಾ ಎಂದೆ. ಅವರ ಮುಖ ಬಿಳಿಚಿತು. ಆದರೂ ಹೆಂಡತಿಯನ್ನೊಮ್ಮೆ ನೋಡಿ, ವಾಸನೆಯೂ ಕಂಡವನಲ್ಲ ಎಂದುಬಿಟ್ಟರು.

ಹೆಂಡತಿ ಶಾಂತವಾಗಿಯೇ ಹೇಳಿದರು. "ಮೀನು ಆಗಲ್ಲ ಅಂತ ಬರ್ಕಳಿ ಸಿಸ್ಟರ್. ಬೆಳಗೋಡಿನ ಸ್ನೇಹಿತ್ರ ಮನೆಗೆ ಹೋದಾಗೆಲ್ಲ ತುಟಿ ಊದಿಸ್ಕಂಡು ಬತ್ತಾರೆ. ಕಡಜ ಕಚ್ತು ಅಂತಾರೆ."

ನಾನು ಬರೆದುಕೊಂಡೆ.

ಆಪರೇಷನ್ ದಿನ ನಾನೂ ಒಳಗಿದ್ದೆ. ಆ ಔಷಧಿಗೆ ಸರಿಯಾದ ಬದಲಿ ಇಲ್ಲದ್ದರಿಂದ ಡಾಕ್ಟರು ಮೊದಲೇ ಎಲ್ಲ ಸಜ್ಜು ಮಾಡಿಕೊಂಡು, ಅದನ್ನೇ ನಿಧಾನವಾಗಿ ಹರಿಸಿದರು. ಆದರೂ ಬಿ.ಪಿ. ಸರ್ರನೆ ಇಳಿಯಿತು. ತಕ್ಷಣ ಅದನ್ನು ನಿಲ್ಲಿಸಿ, ಸಜ್ಜಾಗಿಟ್ಟಿದ್ದ ಬೇರೆ ಇಂಜೆಕ್ಷನ್ ಕೊಟ್ಟರು, ಬಿ.ಪಿ. ಮೇಲೆ ಬಂತು. ಆ ಹೆಂಗಸು ಬಾಯಿ ಬಿಡದೇ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ನೆನೆದು ನನಗೆ ಅಳು ಬಂತು.

ಮೂರನೇ ದಿನ ಯಜಮಾನರು ಸಣ್ಣ ದನಿಯಲ್ಲಿ ಹೆಂಡತಿಯನ್ನು ಕೇಳಿದರು. "ಗೊತ್ತಿದ್ರೂ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

ಆಕೆ ಅವರ ಹೊದಿಕೆ ಸರಿಮಾಡುತ್ತಾ ಹೇಳಿದರು. "ನಿಮ್ಮ ಹಲ್ಲಿನ ಸಂದೀಲಿ ಸಿಕ್ಕಂಡಿದ್ದ ಮೀನಿನ ಮುಳ್ಳನ್ನ ಕಡಜದ ಕೊಂಡಿ ಅಂದ್ರಲ್ಲ, ಅವತ್ತೇ ಕೇಳ್ಬೇಕು ಅನ್ಕಂಡೆ. ಅಷ್ಟು ದೊಡ್ಡ ಕಡಜ ಕಚ್ಚಿಸ್ಕಂಡು ಬಂದವ್ರನ್ನ ಬೈಯೋಕೆ ಮನಸ್ಸು ಬರ್ಲಿಲ್ಲ ಕಣ್ರೀ."