ಐವತ್ತು ಕೆಮ್ಮಿನ ಗುತ್ತಿಗೆ

ಯಾರೋ ಮೈಕ್ ಕೊಟ್ಟರು, ಧರ್ಮೇಂದ್ರ ಇಸಕೊಂಡ. ನಡೆದದ್ದು ಇಷ್ಟೇ. ಉಳಿದ ಅನಾಹುತವೆಲ್ಲ ಆಮೇಲಿನದು.

ಧರ್ಮೇಂದ್ರನ ಹುಟ್ಟೂರು ಜಿನನಾಥಪುರ, ಹೊಟ್ಟೆಪಾಡು ಗೊರೂರಿನ ನೀರಾವರಿ ಇಲಾಖೆಯ ಗುಮಾಸ್ತಿಕೆ, ಹುಚ್ಚು ಮಿಮಿಕ್ರಿ. ಅಣೆಕಟ್ಟೆಯ ಗೇಟು ಕಿರುಗುಟ್ಟುವುದರಿಂದ ಹಿಡಿದು ಸಾಹೇಬರು ಫೈಲು ತಳ್ಳುವ ಮುಂಚೆ ಬಿಡುವ ನಿಟ್ಟುಸಿರಿನವರೆಗೆ ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು.

ಆ ಮಳೆಗಾಲದಲ್ಲಿ ಘಟ್ಟದ ಕಡೆಯ ವೈದ್ಯಕೀಯ ಕಾಲೇಜೊಂದರ ಮೇಲೆ ಗುಡ್ಡ ಜರಿದು, ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿಗಳ ಲ್ಯಾಬೆಲ್ಲ ಕೆಸರು ತುಂಬಿಕೊಂಡಿತ್ತು. ಹುಡುಗರ ಓದು ನಿಲ್ಲಬಾರದೆಂದು ಗೊರೂರಿನವರು ಖಾಲಿ ಬಿದ್ದಿದ್ದ ಎರಡು ಕ್ವಾರ್ಟರ್ಸ್ ಗುಡಿಸಿ ಸಾರಿಸಿ ಕೊಟ್ಟರು. ಸ್ವಾಗತ ಸಭೆಯೂ ಆಯಿತು. ಅಲ್ಲಿ ದೀಪಶ್ರೀ ಎಂಬ ಹುಡುಗಿ ಎದ್ದು ನಿಂತು ತಮ್ಮ ಕೆಲಸ ವಿವರಿಸಿದಳು. ಕೆಮ್ಮಿನ ಸದ್ದು ಕೇಳಿಯೇ ಶ್ವಾಸಕೋಶದ ಕಾಯಿಲೆ ಗುರುತಿಸುವುದನ್ನು ಫೋನಿಗೆ ಕಲಿಸಬೇಕು. ಕೂಡಿಟ್ಟ ಕೆಮ್ಮೆಲ್ಲ ಮಣ್ಣಿನಡಿ ಹೋಗಿದೆ. ಮುಂದಿನ ಭಾನುವಾರ ಸಂಜೆಯೊಳಗೆ ಹೊಸದಾಗಿ ಐವತ್ತು ಜನರ ಕೆಮ್ಮು ಬೆಂಗಳೂರಿನ ಗೈಡ್ ಮೇಡಂಗೆ ತಲುಪದಿದ್ದರೆ ಇವರ ವರ್ಷವೂ ಮಣ್ಣುಪಾಲು.

ಮೈಕ್ ಧರ್ಮೇಂದ್ರನ ಕೈಗೆ ಬಂದದ್ದು ಆಗ.

"ಐವತ್ತೇ ತಾನೇ? ಏನಮ್ಮಾ, ಇದು ಗೊರೂರಿನ ಮರ್ಯಾದೆ ಪ್ರಶ್ನೆ! ಫೋನ್ ನನ್ನ ಕೈಗೆ ಕೊಟ್ಟು ನೀವು ಆರಾಮಾಗಿರಿ. ಇಡೀ ಊರನ್ನ ನಾನು ಕೆಮ್ಮಿಸ್ತೀನಿ!"

ಚಪ್ಪಾಳೆಯೋ ಚಪ್ಪಾಳೆ. ಹೆಂಡತಿ ಚಕ್ರೇಶ್ವರಿ ಮಾತ್ರ ಹಣೆಗೆ ಕೈ ಹಚ್ಚಿ, "ನಿಮಗೆ ಒಪ್ಕೊಳ್ಳೋದೇ ಒಂದು ಕಾಯಿಲೆ. ಮೊದಲು ಅದಕ್ಕೆ ಔಷಧಿ ಕೇಳಿ" ಎಂದಳು.

ನಾಳೆ ಮಾಡಿದರಾಯಿತು, ನಾಳಿದ್ದು ಮಾಡಿದರಾಯಿತು ಎನ್ನುತ್ತ ಭಾನುವಾರ ಬಂದೇಬಿಟ್ಟಿತು. ಧರ್ಮೇಂದ್ರ ಬೆಳಗ್ಗೆಯೇ ದೀಪಶ್ರೀ ಕೊಟ್ಟ ಫೋನ್ ಹಿಡಿದು ಹೊರಟ. ಮೊದಲು ಈಶ್ವರಯ್ಯನ ಮನೆ. ಈತ ಅಣೆಕಟ್ಟೆಯ ನಿವೃತ್ತ ಕಾವಲುಗಾರ. ಇವನು ಕೆಮ್ಮಿದರೆ ಕ್ವಾರ್ಟರ್ಸಿನಲ್ಲಿ ಯಾರಿಗೂ ಅಲಾರಂ ಬೇಡ. ಅಂಥ ಈಶ್ವರಯ್ಯ ಫೋನ್ ಕಂಡೊಡನೆ ಫೋಟೋಗೆ ನಿಂತ ಮದುಮಗನ ಹಾಗೆ ಬಿಗಿದುಕೊಂಡ.

"ಬತ್ತಾ ಇಲ್ಲ ಕಣ್ಲಾ ಧರ್ಮಾ."

"ಸ್ವಲ್ಪ ಪ್ರಯತ್ನ ಮಾಡಿ ಈಶ್ವರಯ್ಯನೋರೇ."

"ಲೇ, ಅದು ಅದ್ರ ಪಾಡ್ಗೆ ಬರ್ಬೇಕು ಕಣ್ಲಾ. ಚ್ಚುಚ್ಚು ಅಂತ ಕರುದ್ರೆ ಬರಾಕೆ ಅದೇನು ನಾಯಿ ಮರಿಯಾ?"

ಪಕ್ಕದ ಬೀದಿಯ ಪಾರ್ವತಮ್ಮನ ಕಥೆಯೇ ಬೇರೆ. ಬಾಗಿಲು ತೆರೆದಾಗಲೇ ಆಕೆಯ ಕಣ್ಣು ಕೆಂಪಾಗಿ, ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ಬಂದ ಕೆಮ್ಮನ್ನು ನುಂಗುತ್ತಿದ್ದಳು.

"ಕೆಮ್ಮಾ? ನಮ್ಮನೇಲಾ? ಸೌಜನ್ಯನ್ನ ನೋಡಾಕೆ ಅರಕಲಗೂಡಿಂದ ಹುಡ್ಗನ ಕಡೇವ್ರು ಇವತ್ತೇ ಬತ್ತಾವ್ರೆ. ಟೀಬಿ ಗೀಬಿ ಅಂತ ಬರ್ಕಂಡ್ ಓದ್ರೆ ನನ್ ಮಗಳ ಗತಿಯೇನು? ನಮ್ ವಂಸದಲ್ಲೇ ಯಾರೂ ಕೆಮ್ಮಿಲ್ಲ, ಓಗಪ್ಪಾ ಅತ್ಲಾಗೆ!"

ಕದ ದಢಾರನೆ ಮುಚ್ಚಿತು. ಒಳಗಿನಿಂದ ತಾಮ್ರದ ಹಂಡೆ ಮೆಟ್ಟಿಲ ಮೇಲೆ ಉರುಳಿದಂಥ ಸದ್ದು ಬಂತು.

ಊರೆಲ್ಲ ಇದೇ ಪಾಡು. ನಿನ್ನೆಯವರೆಗೂ ಬಸ್ಸಿನಲ್ಲಿ ಒಬ್ಬರ ಮುಖಕ್ಕೊಬ್ಬರು ಕೆಮ್ಮುತ್ತಿದ್ದವರಿಗೆ ಇಂದು ಗಂಟಲು ತೊಳೆದಿಟ್ಟ ಗಂಗಾಳದಷ್ಟು ಸ್ವಚ್ಛ! ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಸೇರಿದ್ದು ಒಂದೇ ಕೆಮ್ಮು. ಅದೂ ಮೇಕೆಯದು.

ಸಭೆಯಲ್ಲಿ ಬಿದ್ದ ಚಪ್ಪಾಳೆ ಈಗ ಕೆನ್ನೆಗೆ ಬೀಳುವ ಹಾಗೆ ಕಂಡಿತು. ಆ ಹುಡುಗಿಗೆ ಯಾವ ಮುಖ ತೋರಿಸುವುದು? ಕೆಟ್ಟು ನಿಂತ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತ ಧರ್ಮೇಂದ್ರನಿಗೆ ತನ್ನ ಗಂಟಲೇ ನೆನಪಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೊದಲು ಈಶ್ವರಯ್ಯ: ಚಳಿಗಾಲದ ಬೆಳಗ್ಗೆ ಹಳೇ ಲಾರಿ ಸ್ಟಾರ್ಟ್ ಆಗದೆ ಗೊರಗೊರ ಎನ್ನುವ ಕೆಮ್ಮು. ಆಮೇಲೆ ಪಾರ್ವತಮ್ಮನ ಹಂಡೆ. ರೇಷನ್ ಅಂಗಡಿಯವನದು, ಪೋಸ್ಟ್‌ಮನ್ನನದು, ಸಾಹೇಬರದು. ಪ್ರತಿಯೊಂದಕ್ಕೂ ಫೋನ್ ಹೆಸರು ಕೇಳಿತು. ಕಲಾವಿದನ ಪ್ರಾಮಾಣಿಕತೆ ನೋಡಿ, ಕೆಮ್ಮು ಯಾರದೋ ಅವರದೇ ಹೆಸರು ಕೊಟ್ಟ. ಐವತ್ತು ಮುಗಿದಾಗ ಗಂಟಲು ಮರಳು ಕಾಗದದ ಹಾಗಾಗಿತ್ತು. ಗುಂಡಿ ಒತ್ತಿದ್ದೇ ತಡ, ಐವತ್ತೂ ಕೆಮ್ಮು ದೀಪಶ್ರೀಗೂ ಗೈಡ್ ಮೇಡಂಗೂ ಹೋದವು.

ಶ್ವಾಸದ ವಿಷಯದಲ್ಲಿ ವಿಶ್ವಾಸದ್ರೋಹವಾಯಿತಲ್ಲ ಎಂಬ ಅಳುಕಿನಲ್ಲೇ ಅವನು ಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದಾಗ ದೀಪಶ್ರೀ ಮಾಸ್ಕ್ ಹಾಕಿಕೊಂಡು ಬಂದಳು.

"ಸರ್, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ಆದ್ರೆ ಪಾರ್ವತಮ್ಮ ಅನ್ನೋರ ಕೆಮ್ಮಿಗೆ ನನ್ನ ಫೋನ್ ಕೆಂಪು ತೋರಿಸ್ತಿದೆ, ಅಂದ್ರೆ ಕಾಯಿಲೆಯ ಅನುಮಾನ. ಈಗಲೇ ಹೋಗಿ ಕಫ ಪರೀಕ್ಷೆಗೆ ಹೇಳಬೇಕು. ಜೀವದ ಪ್ರಶ್ನೆ. ಮನೆ ಯಾವುದು?"

ಧರ್ಮೇಂದ್ರ ತುತ್ತನ್ನು ತಟ್ಟೆಗೇ ಇಳಿಸಿದ. "ಅವರು... ಅವರು ಚನ್ನರಾಯಪಟ್ಟಣಕ್ಕೆ ಹೋಗಿದಾರೆ."

"ಯಾಕ್ರೀ ಸುಳ್ಳು ಹೇಳ್ತೀರಾ?" ಚಕ್ರೇಶ್ವರಿ ಒಳಗಿನಿಂದ ಕೂಗಿದಳು. "ಪಕ್ಕದ ಬೀದಿ ಕಣಮ್ಮ. ಹೊರಗೆ ಅರಕಲಗೂಡಿನ ಕಾರು ನಿಂತಿದೆ ನೋಡು, ಅದೇ ಮನೆ!"

ಧರ್ಮೇಂದ್ರ ಎಂಜಲು ಕೈಯಲ್ಲೇ ಓಡಿದ. ಅವನು ಮುಟ್ಟುವ ಹೊತ್ತಿಗೆ ದೀಪಶ್ರೀ ನಡುಮನೆಯಲ್ಲಿದ್ದಳು. ಬೀಗರಾಗಬೇಕಿದ್ದ ಕೃಷ್ಣಪ್ಪನವರ ಕೈಯಲ್ಲಿ ಕೇಸರಿಬಾತಿನ ತಟ್ಟೆ. ಚಮಚ ಬಾಯಿಗೂ ತಟ್ಟೆಗೂ ಮಧ್ಯೆ ನಿಂತುಬಿಟ್ಟಿತ್ತು.

"ಹೆದರಬೇಡಿ ಅಮ್ಮಾ," ದೀಪಶ್ರೀ ಮೆತ್ತಗೆ ಹೇಳುತ್ತಿದ್ದಳು, "ನಿಮ್ಮ ಕೆಮ್ಮನ್ನ ಒಂದು ಸಲ ಪರೀಕ್ಷೆ ಮಾಡಿಸಬೇಕು ಅಷ್ಟೇ."

"ನಾನು ಕೆಮ್ಮೇ ಇಲ್ಲ ಕಣವ್ವಾ! ನಮ್ ವಂಸದಲ್ಲೇ..." ಎಂದಳು ಪಾರ್ವತಮ್ಮ. ಬೆಳಗಿನಿಂದ ನುಂಗಿದ್ದಷ್ಟೂ ಆಗಲೇ ಒಟ್ಟಿಗೆ ಆಚೆ ಬಂತು. ಹಂಡೆಯ ಜೊತೆಗೆ ಕೊಡಪಾನವೂ ಉರುಳಿತು.

ಕೃಷ್ಣಪ್ಪ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತ ಸೌಜನ್ಯ ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ನೋಡಿ ಧರ್ಮೇಂದ್ರನಿಗೆ ಇನ್ನು ತಡೆಯಲಾಗಲಿಲ್ಲ.

"ಫೋನಲ್ಲಿರೋ ಕೆಮ್ಮು ಇವರದಲ್ಲ. ನಂದು."

"ನೆರೆಮನೆಯೋರ ಮಾನ ಉಳ್ಸಾಕೆ ಏನೋ ಯೋಳ್ತಾವನೆ ಪಾಪ," ಎಂದರು ಕೃಷ್ಣಪ್ಪ. ನಂಬಿಸಲು ಬೇರೆ ದಾರಿಯೇ ಇರಲಿಲ್ಲ. ಧರ್ಮೇಂದ್ರ ಅಷ್ಟು ಜನರ ಮುಂದೆ ಪಾರ್ವತಮ್ಮನ ಹಾಗೆ ಕೆಮ್ಮಿದ. ರೇಷನ್ ಅಂಗಡಿಯವನ ಹಾಗೆ ಕೆಮ್ಮಿದ. ಕಾಂಪೌಂಡಿನಾಚೆಯಿಂದ ಇಣುಕುತ್ತಿದ್ದ ಈಶ್ವರಯ್ಯ, "ಲೇ, ಇದು ನಂದು ಕಣ್ಲಾ! ನಂದೇ!" ಎಂದು ಕಳುವಾದ ಹಸು ಸಿಕ್ಕವನಂತೆ ಕೂಗಿದ. ಎಲ್ಲರೂ ನಕ್ಕರು.

ದೀಪಶ್ರೀ ನಗಲಿಲ್ಲ. ಮಾಸ್ಕ್ ಇಳಿಸಿ ಕೇಳಿದಳು: "ಐವತ್ತೂ ನೀವೇನಾ ಸರ್?"

"ಐವತ್ತೂ. ಮೇಕೇದು ಕಳಿಸಿಲ್ಲ."

"ಗುಡ್ಡ ಜರಿದಾಗ ಯಾರನ್ನ ಬೈಯಬೇಕು ಅಂತ ಗೊತ್ತಾಗಿರಲಿಲ್ಲ ಸರ್," ಎಂದಳು ಅವಳು.

ಬೈದಿದ್ದರೆ ಚೆನ್ನಾಗಿತ್ತು. ಧರ್ಮೇಂದ್ರ ತನ್ನ ಎಂಜಲು ಕೈಯನ್ನೇ ನೋಡುತ್ತ ನಿಂತ. ಒಣಗಿದ ಅನ್ನದಗುಳು ಬೆರಳಿಗೆ ಅಂಟಿತ್ತು. ಅದನ್ನು ಕೀಳುವ ಧೈರ್ಯವೂ ಬರಲಿಲ್ಲ.

ಕೃಷ್ಣಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದರು. "ಕೊಡವ್ವ ಇತ್ಲಾಗೆ ಫೋನು. ಕೆಮ್ಮು ತಾನೇ? ನಂಗೂ ಐತೆ. ಸಂಬಂಧ ಕುದ್ರೋಗಂಟ ಬ್ಯಾಡ ಅಂತ ನಾನೂ ತಡ್ಕಂಡಿದ್ದೆ!"

"ಅಯ್ಯೋ ಬೀಗ್ರೇ, ನೀವೂನಾ?" ಎಂದಳು ಪಾರ್ವತಮ್ಮ.

ಅಲ್ಲಿಗೆ ಕಟ್ಟೆ ಒಡೆಯಿತು. ಬೀಗರು ಕೆಮ್ಮಿದರು, ಬೀಗಿತ್ತಿ ಪಾರ್ವತಮ್ಮ ಕೆಮ್ಮಿದಳು. ಈ ಸಲ ಫೋನ್ ಅವಳಿಗೆ ಹಸಿರು ತೋರಿಸಿತು, ಕಾಯಿಲೆಯಿಲ್ಲ. ನಕಲು ಮಾಡುವಾಗ ಧರ್ಮೇಂದ್ರ ಮಸಾಲೆ ಸ್ವಲ್ಪ ಜಾಸ್ತಿ ಹಾಕಿದ್ದ. ಸುದ್ದಿ ತಿಳಿದು ಬೀದಿಯೆಲ್ಲ ಸಾಲು ನಿಂತಿತು. ಹೆಂಗಸರು ಸೆರಗು ಸರಿಮಾಡಿಕೊಂಡು ಕೆಮ್ಮಿದರು, ಗಂಡಸರು ಮೀಸೆ ತೀಡಿ ಕೆಮ್ಮಿದರು. ಈಶ್ವರಯ್ಯ ಸಮಾಧಾನವಾಗದೆ ಮತ್ತೆ ಮತ್ತೆ ಕೆಮ್ಮಿ, "ಚೆಂದಾಗಿರೋದ್ನ ಇಟ್ಕಳವ್ವ" ಎಂದ. ಹೊತ್ತು ಮುಳುಗುವ ಮೊದಲು ಅಪ್ಪಟ ಐವತ್ತು ಕೆಮ್ಮು ಬೆಂಗಳೂರಿಗೆ ಹೋದವು.

ಎಲ್ಲರಿಗೂ ಕೇಸರಿಬಾತು ಹಂಚುತ್ತಿದ್ದಾಗ ಗೈಡ್ ಮೇಡಂ ಫೋನ್ ಬಂತು. ಶುಭ ಸುದ್ದಿ ಊರಿಗೆಲ್ಲ ಕೇಳಲೆಂದು ದೀಪಶ್ರೀ ಸ್ಪೀಕರ್ ಹಾಕಿದಳು.

"ದೀಪಶ್ರೀ, ಮಧ್ಯಾಹ್ನ ಕಳಿಸಿದ ಐವತ್ತು ಇದೆಯಲ್ಲ, ಅದ್ಭುತ! ಎಷ್ಟು ಸಹಜ! ಆದ್ರೆ ಈಗ ಕಳಿಸಿದ್ದೇನಮ್ಮ ಇದು? ಯಾರೋ ನಾಟಕದೋನು ಒಬ್ಬನೇ ಕೂತ್ಕೊಂಡು ಕೆಮ್ಮಿದ ಹಾಗಿದೆ. ಆ ಮುದುಕನ ಕೆಮ್ಮಂತೂ ಶುದ್ಧ ಓವರ್ ಆಕ್ಟಿಂಗ್. ಇನ್ನೊಂದು ಹೆಂಗಸು ಸಂಗೀತ ಕಛೇರಿಗೆ ಶ್ರುತಿ ಹಿಡಿದ ಹಾಗೆ ಕೆಮ್ಮುತ್ತೆ. ಇಷ್ಟು ವರ್ಷ ಎದೆ ಬಡಿತ ಕೇಳಿರೋ ಕಿವಿ ಇದು. ನಕಲಿ ಯಾವುದು ಅಂತ ನನಗೆ ಗೊತ್ತಾಗಲ್ವಾ?"

"ನನ್ ಕೆಮ್ಮು ಸುಳ್ಳಾ?" ಈಶ್ವರಯ್ಯ ಎದ್ದು ನಿಂತ. "ಏನ್ಲಾ ಧರ್ಮಾ, ನನ್ ಕೆಮ್ಮನ್ನ ನನ್ಗಿಂತ ಚೆನ್ನಾಗ್ ಕೆಮ್ಮಿದ್ಯಾ?"

"ನಾನು ಸುರುತಿ ಇಡುದ್ನಂತೆ!" ಪಾರ್ವತಮ್ಮ ಕೇಸರಿಬಾತಿನ ಸೌಟು ಎತ್ತಿದಳು. ಬೀದಿಯೆಲ್ಲ ಧರ್ಮೇಂದ್ರನ ಕಡೆ ತಿರುಗಿತು.

ದೀಪಶ್ರೀ ಉಸಿರೆಳೆದುಕೊಂಡು ನಡೆದದ್ದನ್ನೆಲ್ಲ ಹೇಳಿದಳು.

"ಆಯ್ತು," ಎಂದರು ಮೇಡಂ, ದನಿ ತಗ್ಗಿಸಿ. "ನೀನು ನಿಜ ಹೇಳಿದೆಯಲ್ಲ, ನಿಮ್ಮ ವರ್ಷ ಹಾಳಾಗೋಕೆ ಬಿಡಲ್ಲ. ಎರಡು ಸಲ ಕಳಿಸಿದ್ದನ್ನೂ ಅಳಿಸಿಹಾಕು. ಮುಂದಿನ ವಾರ ನಾನೇ ಗೊರೂರಿಗೆ ಬಂದು ಒಬ್ಬೊಬ್ಬರ ಎದುರು ಕೂತು ಕೇಳ್ತೀನಿ. ಆ ಮನುಷ್ಯ ಮಾತ್ರ ಹತ್ತಿರ ಸುಳೀಬಾರದು."

ಧರ್ಮೇಂದ್ರನಿಗೆ ಕ್ಷಮೆ ಕೇಳದೆ ಜೀವ ನಿಲ್ಲದು. ಕೈಮುಗಿದು ಫೋನಿನ ಹತ್ತಿರ ಬಗ್ಗಿದ. "ಮೇಡಂ..." ಎಂದ. ಮಧ್ಯಾಹ್ನವಿಡೀ ಊರಿನವರಿಗೆಲ್ಲ ದುಡಿದ ಗಂಟಲು ಅಲ್ಲೇ ಕಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮು ಬಂತು. ಆ ದಿನ ಅವನು ಕೆಮ್ಮಿದ, ಅವನದೇ ಆದ, ಮೊದಲನೆಯ ಕೆಮ್ಮು.

"ಕೇಳಿಸ್ಕೊಂಡ್ಯಾ ದೀಪಶ್ರೀ?" ಫೋನು ಉತ್ಸಾಹದಿಂದ ಕೂಗಿತು. "ಈಗ ಯಾರೋ ಕೆಮ್ಮಿದ್ರಲ್ಲ, ನಕಲಿ ಅಂದ್ರೆ ಇದು! ಈ ಸಲ ನನ್ನ ಕಿವಿ ತಪ್ಪಿಲ್ಲ."