ಬೀಗರ ಇಂಪಾಲ, ಹಂಪಣ್ಣನ ಕಾಂಟೆಸ್ಸಾ

ಆ ಮಧ್ಯಾಹ್ನ ಕುಷ್ಟಗಿಯ ಕಲ್ಯಾಣಮಂಟಪದ ಅಂಗಳದಲ್ಲಿ ಎರಡು ದೇಶಗಳ ಮಾನ ಪಣಕ್ಕಿತ್ತು. ಮದುಮಗಳು ಅಮೃತಾ ಗಂಡನ ಊರು ಗಂಗಾವತಿಗೆ ಅಮೆರಿಕದ ಇಂಪಾಲ ಕಾರಿನಲ್ಲಿ ಹೋಗಬೇಕೋ, ಭಾರತದ ಕಾಂಟೆಸ್ಸಾದಲ್ಲೋ ಎಂಬುದು ಊಟ ಮುಗಿದರೂ ತೀರ್ಮಾನವಾಗಿರಲಿಲ್ಲ.

ಇಂಪಾಲ ಬೀಗರದು. ಅಕ್ಕಿ ಗಿರಣಿಯ ಸಿದ್ದಲಿಂಗೇಶರು ಅಪ್ಪನ ಕಾಲದ ಆ ಗಾಡಿಯನ್ನು ಹೊರಗೆ ತೆಗೆಯುವುದೇ ಮದುವೆಗೆ, ದಸರೆಗೆ. ಬಿಸಿಲಿಗೆ ಮೈಚಾಚಿದ ಎಮ್ಮೆಯಂತೆ ಅದು ಗೇಟಿಗೆ ಅಡ್ಡ ನಿಂತಿತ್ತು.

ಕಾಂಟೆಸ್ಸಾ ಹುಡುಗಿಯ ಅಪ್ಪ ಹಂಪಣ್ಣನದು. ಮದುವೆಯಾಗಿ ಶಾಂಭವಿಯನ್ನು ಯಲಬುರ್ಗಾದಿಂದ ಕರೆತಂದದ್ದು ಅದರಲ್ಲೇ. ಕಿಟಕಿ ಗಾಜು ಇಳಿಸುವ ಹಿಡಿಕೆಯ ಮೇಲೆ ಇಬ್ಬರ ಕೈಯೂ ಒಟ್ಟಿಗೇ ಬಿದ್ದು, ಊರು ಬರುವ ತನಕ ಗಾಜು ಅರ್ಧಕ್ಕೇ ನಿಂತಿತ್ತು. ಇವತ್ತಿಗೂ ಹಂಪಣ್ಣ ಬೆಳಗಿನ ಚಹಾ ಕುಡಿಯುವುದು ಆ ಗಾಡಿಯೊಳಗೆ ಕೂತೇ. ಮಗಳೂ ಅದೇ ಸೀಟಿನಲ್ಲಿ ಗಂಡನ ಮನೆಗೆ ಹೋಗಲಿ ಎಂಬುದೊಂದೇ ಅವನ ಆಸೆ.

"ನಿಮ್ಮದೂ ಛಲೋ ಐತ್ರಿ ಬೀಗರ, ಸಂತಿಗೆ ಹೋಗಾಕ," ಎಂದರು ಸಿದ್ದಲಿಂಗೇಶರು. "ಆದರ ಎಂಟು ಸಿಲಿಂಡರಿನ ಮುಂದ ನಾಕು ಸಿಲಿಂಡರು ಏನ್ ಮಾತಾಡತೈತಿ?"

"ಮಾತು ಕಮ್ಮಿ ರಿ ಅದರದು. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲಾ ನಿಂತು ಮಾತಾಡೂ ಚಟ ಇಲ್ಲ."

ಹಂಪಣ್ಣನ ಪಕ್ಕದ ಮನೆಯ ದೊಡ್ಡಬಸಪ್ಪ ನಡುವೆ ಬಂದ. "ಬಾಯಿಲೆ ಯಾಕ ಜಗ್ಗಾಡ್ತೀರಿ? ಟ್ರ್ಯಾಕ್ಟರ್ ತಾಕತ್ತು ಹೆಂಗ ನೋಡ್ತೇವಿ ನಾವು? ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಸ್ತೇವಿ. ಗೆದ್ದ ಗಾಡ್ಯಾಗ ಹುಡುಗಿ ಹೋಗ್ಲಿ." ಯಾರೂ ಹೂಂ ಅನ್ನುವ ಮೊದಲೇ ಅವನ ಸರಪಳಿ ಬಂದಾಗಿತ್ತು.

ಶಾಂಭವಿ ಗಂಡನ ಕಿವಿಯಲ್ಲಿ ಉಸುರಿದಳು: "ಏನ್ರಿ, ಅವರು ಗಂಡಿನ ಕಡಿಯವರು. ಸುಮ್ಮನ ಸೋತುಬಿಡ್ರಿ."

"ನಾ ಸೋಲಾಕ ತಯಾರದೀನಿ. ಗಾಡಿ ಕೇಳಬೇಕಲ್ಲ?"

ಸಿದ್ದಲಿಂಗೇಶರು ಚೇಳು ತುಳಿಯುವವರಂತೆ ಆಕ್ಸಿಲರೇಟರ್ ತುಳಿದರು. ಇಂಪಾಲದ ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿ ಗುಂಡಿ ತೋಡಿದವು. ಬೀಗರ ಕಡೆಯವರ ಬಿಳಿ ಅಂಗಿಗಳೆಲ್ಲ ಮಣ್ಣಿನ ಬಣ್ಣಕ್ಕೆ ತಿರುಗಿದವು. ಹಂಪಣ್ಣ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಕ್ಲಚ್ ಬಿಟ್ಟ. ಕಾಂಟೆಸ್ಸಾ ಒಮ್ಮೆ ಕೆಮ್ಮಿ, ಅಮೆರಿಕವನ್ನು ಹಿಮ್ಮುಖವಾಗಿ ಎಳೆದುಕೊಂಡು, ಅಡುಗೆಯವರ ಎರಡು ಕೊಳಗ ಚಪ್ಪಟೆ ಮಾಡಿ ನೀರಿನ ಟಾಕಿಯ ಬಳಿ ನಿಂತಿತು.

"ಒಪ್ಪಿದೆ ರಿ. ಗಾಡಿ ಅಂದ್ರ ಇದು," ಎಂದು ಸಿದ್ದಲಿಂಗೇಶರು ಧೂಳು ಕೊಡವಿಕೊಂಡರು. ಅವರ ದೊಡ್ಡ ಮನಸ್ಸು ಕಂಡು ಹಂಪಣ್ಣನ ಕಣ್ಣು ತುಂಬಿ ಬಂತು.

ಸಂಜೆ ಗಂಗಾವತಿಯಲ್ಲಿ ಬೀಗಿತ್ತಿ ರೇಣುಕಾದೇವಿ ಸೊಸೆಗೆ ಆರತಿ ಎತ್ತಿದರು. ಹಾಗೆಯೇ ಕಾಂಟೆಸ್ಸಾಕ್ಕೂ ಎತ್ತಿ, ಕುಂಕುಮ ಹಚ್ಚಿ, ಕಾಯಿ ಒಡೆಸಿದರು. ಹಂಪಣ್ಣ ಉಬ್ಬಿಹೋದ. ಚಹಾ ಕುಡಿದು ಎದ್ದು ಕೀಲಿ ಹುಡುಕಿದ. ಅದು ರೇಣುಕಾದೇವಿಯವರ ಸೊಂಟದಲ್ಲಿತ್ತು.

"ಗಾಡಿ ಹೆಂಗ ಒಯ್ತೀರಿ ಅಣ್ಣಾರ?" ಎಂದರು ಅವರು. "ಸೊಸಿ ಜೋಡಿ ಆರತಿ ಎತ್ತಿ ಮನಿ ತುಂಬಿಸಿಕೊಂಡೇವಿ. ತುಂಬಿಸಿಕೊಂಡದ್ದನ್ನ ಹೊರಗ ಕಳಿಸಿದ್ರ ನಿಮ್ಮ ಮಗಳಿಗೇ ಛಲೋ ಅಲ್ಲ."

ಹಂಪಣ್ಣ ಬೀಗರ ಕಡೆ ನೋಡಿದ.

"ನಾನೇನ್ ಮಾಡ್ಲಿ ರಿ?" ಎಂದರು ಸಿದ್ದಲಿಂಗೇಶರು. "ನಮ್ಮದು ಗೆದ್ದಿದ್ರ ನಮ್ಮದಕ್ಕ ಆರತಿ ಎತ್ತತಿದ್ರು."

ಬಸ್ಸಿನಲ್ಲಿ ಸೀಟು ಇರಲಿಲ್ಲ. ಹಂಪಣ್ಣ ಕುಷ್ಟಗಿಯ ತನಕ ನಿಂತೇ ಬಂದ.